ಒಡೆದ, ಒಡೆಯದ: ಶಸ್ತ್ರಚಿಕಿತ್ಸೆಯ ಬಿಲ್ಲಿನಲ್ಲಿ ಒಂದಕ್ಷರ
ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯಿಂದ ನಮ್ಮ ವಾಚಕರೊಬ್ಬರು ಬರೆದ ಕಾಗದವು ಕೆಲವು ವಾರಗಳ ಹಿಂದೆ ನಮ್ಮ ಕೈಸೇರಿತು. ಅದರೊಡನೆ ಆಸ್ಪತ್ರೆಯ ಬಿಲ್ಲಿನ ಹನ್ನೊಂದು ಹಾಳೆಗಳೂ, ಹಣ ಕೊಡಲಾಗದೆಂದು ವಿಮಾ ಕಂಪೆನಿಯವರು ತಿಳಿಸಿದ ಅರ್ಧಪುಟದ ಓಲೆಯೂ ಇದ್ದುವು. ಇವರ ತಾಯಿಯವರು ಒಂದು ದಿನ ಬೆಳಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಂತೆಯೇ ತಲೆಯಲ್ಲಿ ಸಿಡಿಲೆರಗಿದಂತಹ ನೋವು ಬಂದು, ವಾಂತಿಮಾಡಿಕೊಂಡು ಕುಸಿದರಂತೆ. ಹಾಸನದಲ್ಲಿ ಸಿ.ಟಿ. ಚಿತ್ರ ತೆಗೆದವರು ಮೆದುಳಿನ ಪೊರೆಗಳ ನಡುವೆ ರಕ್ತ ಹರಡಿದೆಯೆಂದು ಹೇಳಿ ಅಂದೇ ಬೆಂಗಳೂರಿಗೆ ಕಳುಹಿಸಿದರು. ಅಲ್ಲಿ ಖಾಸಗಿ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ದೈವಕೃಪೆಯಿಂದ ತಾಯಿಯವರು ಉಳಿದುಕೊಂಡರು. ಮಗನು ತೆಂಗಿನ ತೋಟವನ್ನು ಭೋಗ್ಯಕ್ಕೆ ಹಾಕಿ ಬಿಲ್ಲು ತೀರಿಸಿ, ವಿಮೆಯ ಹಣ ಬಂದೊಡನೆ ತೋಟ ಬಿಡಿಸಿಕೊಳ್ಳುವೆನೆಂದು ನಂಬಿದ್ದನು. ಬಂದದ್ದು ಹಣವಲ್ಲ, ಆ ಅರ್ಧಪುಟ. "ನಾವು ಮಾಡಿದ ತಪ್ಪೇನು?" ಎಂದು ಅವರು ಕೇಳಿದ್ದಾರೆ.

ಹಾಳೆಗಳನ್ನು ನಾವು ಎರಡು ಸಂಜೆ ಕುಳಿತು ಓದಿದೆವು. ಅವರು ಮಾಡಿದ ತಪ್ಪೇನೂ ನಮಗೆ ಕಾಣಲಿಲ್ಲ. ಆದರೆ ಒಂದು ಅಂಕಿ ಕಂಡಿತು.

ಮೊದಲು ರೋಗದ ಸಂಗತಿ. ಮೆದುಳಿಗೆ ರಕ್ತವನ್ನೊಯ್ಯುವ ನಾಳದ ಗೋಡೆಯು ಎಲ್ಲಿಯಾದರೂ ದುರ್ಬಲವಾದರೆ ಅಲ್ಲಿ ಗುಳ್ಳೆಯಂತೆ ಉಬ್ಬುತ್ತದೆ. ಇದಕ್ಕೆ ವೈದ್ಯರು ಅನ್ಯೂರಿಸಮ್ ಎನ್ನುತ್ತಾರೆ. ಉಬ್ಬು ಸುಮ್ಮನಿರುವವರೆಗೆ ಅನೇಕರಿಗೆ ಅದರ ಸುಳಿವೇ ಇರುವುದಿಲ್ಲ; ಒಡೆಯಿತೆಂದರೆ ಪ್ರಾಣಾಂತಿಕ. 1937ರಲ್ಲಿ ಅಮೆರಿಕೆಯ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯರು ತಲೆಬುರುಡೆಯನ್ನು ತೆರೆದು, ಉಬ್ಬಿನ ಕೊರಳಿಗೆ ಬೆಳ್ಳಿಯ ಕ್ಲಿಪ್ಪನ್ನು ಹಾಕಿ ಮುಚ್ಚಿದರು. 1990ರಿಂದೀಚೆಗೆ ಇನ್ನೊಂದು ದಾರಿಯೂ ಬಂದಿದೆ: ತೊಡೆಯ ನಾಳದಿಂದ ಸಣ್ಣ ಕೊಳವೆಯನ್ನು ಏರಿಸಿ, ಉಬ್ಬಿನೊಳಗೆ ಪ್ಲಾಟಿನಮ್ ತಂತಿಯ ಸುರುಳಿಗಳನ್ನು ತುಂಬುವುದು. ಹಳೇಕೋಟೆಯ ತಾಯಿಯವರಿಗೆ ಮಾಡಿದ್ದು ಈ ಎರಡನೆಯದು.

ಈಗ ಅಂಕಿಯ ವಿಷಯಕ್ಕೆ ಬರೋಣ. ಆಸ್ಪತ್ರೆಯ ಬಿಲ್ಲು ವಿಮಾ ಕಂಪೆನಿಗೆ ಹೋಗುವಾಗ ರೋಗದ ಹೆಸರಿನೊಡನೆ ಅದರ ಸಂಕೇತವೂ ಹೋಗುತ್ತದೆ. 1893ರಲ್ಲಿ ಪ್ಯಾರಿಸಿನ ಬರ್ಟಿಲಾನ್ ಎಂಬವರು ಮರಣಕಾರಣಗಳಿಗೆ ಮಾಡಿದ ಪಟ್ಟಿಯೇ ಬೆಳೆದು ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವಾಗಿದೆ. ಅದರ ಹತ್ತನೆಯ ಆವೃತ್ತಿಯು 1990ರಲ್ಲಿ ಅಂಗೀಕೃತವಾಯಿತು. ಈ ಆವೃತ್ತಿಯಲ್ಲಿ ಮೆದುಳಿನ ಪೊರೆಯ ಕೆಳಗಿನ ರಕ್ತಸ್ರಾವಕ್ಕೆ ಐ 60. ಅದು ಮೆದುಳಿನ ಮಧ್ಯಧಮನಿಯಿಂದಾದರೆ ಐ 60.1. ಉಬ್ಬು ಒಡೆಯದೆ ಇದ್ದರೆ ಐ 67.1. ಕನ್ನಡದಲ್ಲಿಯಾದರೂ ಅಂತರವೆಷ್ಟು? ಒಡೆದ, ಒಡೆಯದ, ನಡುವೆ ಒಂದು ಯಕಾರ.

ನಮ್ಮ ಮುಂದಿದ್ದ ಹಾಳೆಯಲ್ಲಿ ಐ 67.1 ಎಂದಿತ್ತು! ಸತ್ತು ಬದುಕಿದ ಹೆಂಗಸಿನ ತಲೆಯಲ್ಲಿ ಏನೂ ಒಡೆದೇ ಇಲ್ಲವೆಂದು ಅದರ ಅರ್ಥ.

ಇದು ಹೇಗಾಯಿತೆಂಬುದನ್ನು ವಾಚಕರು ಗಮನಿಸಬೇಕು. ಸಂಕೇತ ಹಾಕುವ ಗುಮಾಸ್ತರು ರೋಗಿಯನ್ನು ನೋಡುವುದಿಲ್ಲ, ಕಾಗದವನ್ನು ನೋಡುತ್ತಾರೆ. ಬಿಡುಗಡೆಯ ಪತ್ರದಲ್ಲಿ ವೈದ್ಯರು ಅವಸರದಲ್ಲಿ "ಎಡ ಮಧ್ಯಧಮನಿಯ ಅನ್ಯೂರಿಸಮ್, ಸುರುಳಿ ತುಂಬಲಾಯಿತು" ಎಂದಷ್ಟೇ ಬರೆದಿದ್ದರು. ಒಡೆದಿದೆಯೆಂದು ಸ್ಪಷ್ಟವಾಗಿ ಹೇಳದಿದ್ದಲ್ಲಿ ಮೆದುಳಿನ ಅನ್ಯೂರಿಸಮ್ಮನ್ನು ವರ್ಗೀಕರಣದ ಅಕಾರಾದಿಯು 67.1ಕ್ಕೇ ಕಳುಹಿಸುತ್ತದೆ. ಗುಮಾಸ್ತರು ತಮ್ಮ ಪುಸ್ತಕಕ್ಕೆ ದ್ರೋಹಮಾಡಲಿಲ್ಲ. ಕಂಪೆನಿಯವರು ಮಾತ್ರ ಅದನ್ನೇ ಹಿಡಿದುಕೊಂಡು, ಒಡೆಯದ ಉಬ್ಬು ಹಿಂದಿನಿಂದಲೂ ಇದ್ದ ಕಾಯಿಲೆ, ಪಾಲಿಸಿಗೆ ಇನ್ನೂ ಎರಡನೆಯ ವರ್ಷ, ಆದುದರಿಂದ ಹಣವಿಲ್ಲ ಎಂದರು.

ಈ ವಾದವು ನಿಲ್ಲತಕ್ಕದ್ದಲ್ಲವೆಂದು ನಮ್ಮ ಅಭಿಪ್ರಾಯ. ವಿಮಾ ನಿಯಂತ್ರಣ ಪ್ರಾಧಿಕಾರದ ವ್ಯಾಖ್ಯೆಯಂತೆ, ಪಾಲಿಸಿಗೆ ಮುಂಚೆ ಗೊತ್ತುಮಾಡಿದ ಅವಧಿಯೊಳಗೆ ವೈದ್ಯರು ಗುರುತಿಸಿದ ಅಥವಾ ಚಿಕಿತ್ಸೆ ಹೇಳಿದ ಕಾಯಿಲೆಯೇ ಪೂರ್ವರೋಗ. 2024ರಲ್ಲಿ ಆ ಅವಧಿಯನ್ನು 36 ತಿಂಗಳಿಗೆ ಇಳಿಸಲಾಯಿತು. ಯಾರ ಕಣ್ಣಿಗೂ ಬೀಳದೆ ನಾಳದಲ್ಲಿ ಅಡಗಿದ್ದ ಉಬ್ಬನ್ನು ಪೂರ್ವರೋಗವೆನ್ನುವುದು ಹೇಗೆ?

ಈ ಸಂಕೇತಗಳ ವ್ಯವಹಾರವು ಅಮೆರಿಕೆಯಲ್ಲಿ ಇನ್ನೂ ಸೂಕ್ಷ್ಮ. ಅಲ್ಲಿ ವೈದ್ಯಸಂಘವು 1966ರಲ್ಲಿ ಹೊರಡಿಸಿದ ಚಿಕಿತ್ಸಾಪಟ್ಟಿಯು ಬೆಳೆಯುತ್ತ ಬಂದಿದೆ. ಬುರುಡೆ ತೆರೆದು ಮುಂಭಾಗದ ನಾಳದ ಸರಳ ಉಬ್ಬನ್ನು ಮುಚ್ಚಿದರೆ 61700. ಉಬ್ಬು 15 ಮಿಲಿಮೀಟರಿಗಿಂತ ದೊಡ್ಡದಾಗಿದ್ದರೆ, ಕೊರಳಿನಲ್ಲಿ ಸುಣ್ಣಗಟ್ಟಿದ್ದರೆ, ಅಥವಾ ನಾಳವನ್ನು ತಾತ್ಕಾಲಿಕವಾಗಿ ಬಿಗಿಯಬೇಕಾಗಿ ಬಂದಿದ್ದರೆ ಅದು ಕ್ಲಿಷ್ಟವೆನಿಸಿ 61697. ಶಸ್ತ್ರವೈದ್ಯರು ಬಿಗಿದುದನ್ನು ಬರೆಯಲು ಮರೆತರೆ ಆ ಶ್ರಮಕ್ಕೆ ಬೆಲೆಯಿಲ್ಲ. ಇದನ್ನು ಓದಿ ಸಂಕೇತ ಹಾಕುವ ಕೆಲಸದಲ್ಲಿ ಬೆಂಗಳೂರಿನಲ್ಲಿ ಎಷ್ಟೋ ಮಂದಿ ನಮ್ಮ ಹುಡುಗ ಹುಡುಗಿಯರಿದ್ದಾರೆ. ಕಡಲಾಚೆಯವರ ಬಿಲ್ಲನ್ನು ತಿದ್ದಬಲ್ಲವರು ಪ್ರತಿ ಮನೆತನದಲ್ಲಿಯೂ ಒಬ್ಬರಿರುವಾಗ, ನಮ್ಮ ಮನೆಯ ಬಿಲ್ಲನ್ನು ಅವರಿಗೆ ತೋರಿಸಲು ನಮಗೆ ಹೊಳೆಯದಿರುವುದು ಸೋಜಿಗ.

ಬಿ.ಪಿ.ಎಲ್. ಕಾರ್ಡಿನ ಕುಟುಂಬಗಳ ಮಾರ್ಗ ಬೇರೆ. 2010ರ ವಾಜಪೇಯಿ ಆರೋಗ್ಯಶ್ರೀಯ ತರುವಾಯ 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿಗಳ ಮಿತಿಯನ್ನು ಗೊತ್ತುಮಾಡಿತು. ಇಲ್ಲಿ ಬಿಡಿಬಿಡಿಯಾದ ಬಿಲ್ಲಿಲ್ಲ. ಚಿಕಿತ್ಸೆಗೊಂದು ಸಂಕೇತ, ಸಂಕೇತಕ್ಕೊಂದು ಒಟ್ಟು ದರ. ಹಾಸಿಗೆ, ಔಷಧ, ಪರೀಕ್ಷೆ, ಒಳಗಿಡುವ ಸಾಧನಗಳು, ಊಟ ಎಲ್ಲವೂ ಅದರೊಳಗೇ. ತುರ್ತಲ್ಲದ ಚಿಕಿತ್ಸೆಗೆ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇಕಡಾ 30 ಭಾಗವನ್ನು ಸರಕಾರವು ಭರಿಸುವುದೆಂದು ಅದೇ 2018ರಲ್ಲಿ ನಿಯಮವಾಯಿತು. ನಮ್ಮ ವಾಚಕರು ಎ.ಪಿ.ಎಲ್. ಕಾರ್ಡಿನವರು, ಈ ಸಂಗತಿಯನ್ನು ಅವರಿಗೆ ಯಾರೂ ಹೇಳಲಿಲ್ಲ.

ಸುರುಳಿಗಳ ಲೆಕ್ಕವನ್ನೂ ಹೇಳಬೇಕು. ತಂತಿಯ ಸುರುಳಿಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಬೆಲೆ. ಪ್ರತಿಯೊಂದರ ಪೊಟ್ಟಣದ ಮೇಲೂ ಸಂಖ್ಯೆಯುಳ್ಳ ಚೀಟಿಯಿರುತ್ತದೆ. ಅದನ್ನು ರೋಗಿಯ ದಾಖಲೆಗೆ ಅಂಟಿಸುವುದು ವಾಡಿಕೆ. ಬಿಲ್ಲಿನಲ್ಲಿ ಏಳು ಸುರುಳಿಗಳಿದ್ದರೆ ಏಳು ಚೀಟಿಗಳಿರಬೇಕು. ಕೇಳಿ ನೋಡುವುದರಲ್ಲಿ ನಾಚಿಕೆಯೇನೂ ಇಲ್ಲ. ಅಂಗಡಿಯಲ್ಲಿ ತೆಂಗಿನಕಾಯಿ ಎಣಿಸುವುದಿಲ್ಲವೆ? ಮೇಲ್ದರ್ಜೆಯ ಕೋಣೆ ಹಿಡಿದುದಕ್ಕಾಗಿ ಕಂಪೆನಿಯವರು ಪ್ರಮಾಣಾನುಸಾರ ಹಣ ಕಡಿಯುವುದುಂಟು; ಆದರೆ ಔಷಧ, ಒಳಗಿಡುವ ಸಾಧನ, ಪರೀಕ್ಷೆಗಳ ಮೇಲೆ ಹಾಗೆ ಕಡಿಯಬಾರದೆಂದು 2020ರಲ್ಲಿಯೇ ಪ್ರಾಧಿಕಾರದ ಕಟ್ಟಳೆಯಾಗಿದೆ.

ಹಳೇಕೋಟೆಯವರಿಗೆ ನಾವು ಹೀಗೆ ಬರೆದೆವು: ಹಾಸನದ ಸಿ.ಟಿ. ವರದಿಯನ್ನು ಹಿಡಿದು ಶಸ್ತ್ರವೈದ್ಯರನ್ನೇ ಕಂಡು, "ಒಡೆದ" ಎಂಬ ಮಾತನ್ನು ಸೇರಿಸಿದ ಪತ್ರವನ್ನು ಪಡೆಯಿರಿ. ಅದರೊಡನೆ ಕಂಪೆನಿಯ ದೂರು ಅಧಿಕಾರಿಗೆ ಲಿಖಿತ ಮನವಿ ಕಳುಹಿಸಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರವು ಸಮಾಧಾನಕರವಲ್ಲದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ.

ಮೊನ್ನೆ ಅವರಿಂದ ಎರಡನೆಯ ಕಾಗದ ಬಂದಿತು. ವೈದ್ಯರು ವರದಿಯನ್ನು ನೋಡಿದೊಡನೆ ಮರುಮಾತಿಲ್ಲದೆ ತಿದ್ದಿಕೊಟ್ಟರಂತೆ. ಕಂಪೆನಿಗೆ ಸ್ಪೀಡ್ ಪೋಸ್ಟಿನಲ್ಲಿ ಹೋದ ಮನವಿಗೆ ಹದಿನೆಂಟು ದಿನಗಳಾಗಿವೆ; ಉತ್ತರವಿಲ್ಲ. ತಾಯಿಯವರು ಕೊಟ್ಟಿಗೆಗೆ ಹೋಗಿ ಕೂತು ಬರುತ್ತಾರಂತೆ, ಹಾಲನ್ನು ಸೊಸೆ ಕರೆಯುತ್ತಾಳಂತೆ. ತೋಟವು ಇನ್ನೂ ಭೋಗ್ಯದಲ್ಲಿಯೇ ಇದೆ.