ಕಪ್ಪತಗುಡ್ಡದ ಕಾವಲು

ಕಪ್ಪತಗುಡ್ಡದ ಚಿಂತೆ ಹೊಂಬಳದವರಿಗೇಕೆಂದು ಕೇಳುವ ತಾಯ್ತಂದೆಗಳುಂಟು. ಎಲ್ಲರೂ ಹೀಗೆಯೇ ಕೇಳಿದ್ದರೆ ಗುಡ್ಡವು ಉಳಿಯುತ್ತಿರಲಿಲ್ಲವೆಂದು ನಾವು ಬಲ್ಲೆವು. 2016ರಲ್ಲಿ ಸರಕಾರವು ಗುಡ್ಡಕ್ಕಿದ್ದ ಸಂರಕ್ಷಿತ ಪ್ರದೇಶವೆಂಬ ಮಾನ್ಯತೆಯನ್ನು ಹಿಂದೆಗೆದುಕೊಂಡಾಗ ಗಣಿಗಾರಿಕೆಯ ಭಯವು ಹುಟ್ಟಿತು. ಆಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳವರೊಡನೆ ಪೇಟೆಯವರೂ ಹಳ್ಳಿಯವರೂ ಧರಣಿ ಕುಳಿತರು. 2017ರಲ್ಲಿ ಆ ಮಾನ್ಯತೆಯು ಮರಳಿತು. 2019ರಲ್ಲಿ ಗುಡ್ಡವು ವನ್ಯಜೀವಿ ಧಾಮವಾಯಿತು.

ಹೀಗೆ ಉಳಿದ ಗುಡ್ಡವನ್ನು ಇನ್ನು ವರ್ಷವರ್ಷವೂ ಕಾಯಬೇಕಾಗಿದೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ಒಂದು ಕಿಡಿ ಬಿದ್ದರೂ ಸಾಕು, ಬೆಂಕಿ ಹಬ್ಬುತ್ತದೆ. ಅದರ ಹೊಗೆಯನ್ನು ಮೊದಲು ಕಾಣುವವರು ಗುಡ್ಡದಡಿಯ ಹಳ್ಳಿಗಳಲ್ಲಿ ಕುರಿ ಕಾಯುವವರು, ಕಟ್ಟಿಗೆಗೆ ಹೋಗುವ ಹೆಂಗಸರು. ಅವರಿಗೇ ಗುಡ್ಡವು ಪರರ ಸೊತ್ತಾಗಿ ತೋರಿದರೆ ಸುದ್ದಿ ತರುವವರಾರು?

ಧಾಮಕ್ಕೊಂದು ಸಲಹಾ ಸಮಿತಿಯಿರಬೇಕು, ಅದರಲ್ಲಿ ಪಂಚಾಯತಿ ಪ್ರತಿನಿಧಿಗಳಿರಬೇಕು ಎಂದು ವನ್ಯಜೀವಿ ಸಂರಕ್ಷಣಾ ಕಾಯಿದೆಯ 33-ಬಿ ಕಲಮು ಹೇಳುತ್ತದೆ. ಆ ಸ್ಥಾನಗಳಲ್ಲಿ ಒಂದಾದರೂ ಗುಡ್ಡದಡಿಯ ಹೆಣ್ಣುಮಗಳಿಗೆ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಪಂಚಾಯತಿ ಸದಸ್ಯೆಯರಾದವರು ಈ ಮಾತನ್ನು ಸಭೆಯಲ್ಲಿ ಎತ್ತಲಿ. ಉಳಿದವರು ಆ ಹೆಂಗಸರಿಗೆ ಒಂದು ಅರ್ಜಿಯನ್ನಾದರೂ ಬರೆದುಕೊಡಲಿ.