ಬೀದಿಯ ಅಳತೆಗೋಲು

ಅಂಗಳವನ್ನು ನೋಡಿ ಮನೆಯವರ ಸ್ವಭಾವವನ್ನು ಊಹಿಸುವುದುಂಟು. ಹಾಗೆಯೇ ಬೀದಿಯಲ್ಲಿ ಯಾರಿಗೆ ಎಷ್ಟು ಜಾಗ ದೊರೆತಿದೆಯೆಂಬುದನ್ನು ನೋಡಿ, ಆ ನಗರವು ಯಾರನ್ನು ಗೌರವಿಸುತ್ತದೆಯೆಂಬುದನ್ನು ತಿಳಿಯಬಹುದು. ನಗರಗಳ ಹಳೆಯ ಪೇಟೆಗಳು ಮರುನಿರ್ಮಾಣಗೊಳ್ಳುತ್ತಿರುವ ಕಾಲವಿದು. ಆದುದರಿಂದ ಬೀದಿಯನ್ನು ಅಳೆಯುವ ಕೋಲು ಸರಿಯಾಗಿದೆಯೆ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳುವುದು ಯುಕ್ತ.

ಬೆಂಗಳೂರಿನ ಪೇಟೆಯನ್ನು 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆಂದು ಪ್ರತೀತಿ. ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಸ್ಥಳದಿಂದ ನಾಲ್ಕು ದಿಕ್ಕುಗಳಿಗೂ ನೇಗಿಲು ಹೂಡಿಸಿ ಬೀದಿಗಳ ಗೆರೆಯನ್ನು ಎಳೆಸಿದರೆಂಬ ಐತಿಹ್ಯವೂ ಇದೆ. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಕುಂಬಾರಪೇಟೆ ಎಂಬ ಹೆಸರುಗಳೇ ಅಲ್ಲಿನ ಕಸುಬುಗಳನ್ನು ಸಾರುತ್ತವೆ. ಆ ಬೀದಿಗಳು ನಡೆಯುವ ಮನುಷ್ಯನ ಹೆಜ್ಜೆಗೂ ಹೇರು ಹೊತ್ತ ಎತ್ತಿನ ನಡಿಗೆಗೂ ತಕ್ಕವಾಗಿದ್ದವು. ಇಂದು ಅದೇ ಇಕ್ಕಟ್ಟಿನಲ್ಲಿ ಮೋಟಾರು ವಾಹನಗಳು ನುಗ್ಗುತ್ತವೆ. ಕೈಚೀಲ ಹಿಡಿದ ವೃದ್ಧೆಯೂ ಶಾಲೆಯಿಂದ ಮರಳುವ ಬಾಲಕನೂ ಅವುಗಳ ನಡುವೆ ದಾರಿ ಹುಡುಕಬೇಕಾಗಿದೆ.

ಈ ದುಃಸ್ಥಿತಿಗೆ ಜನಸಂದಣಿಯೊಂದೇ ಕಾರಣವಲ್ಲ; ಎಣಿಕೆಯ ಕ್ರಮವೂ ಕಾರಣ. ರಸ್ತೆಯ ಸಾಮರ್ಥ್ಯವನ್ನು ಲೆಕ್ಕ ಹಾಕುವಾಗ ಇಂಜಿನಿಯರುಗಳು ಕಾರನ್ನು ಒಂದು ಮಾನವೆಂದು ಹಿಡಿದು, ಉಳಿದ ವಾಹನಗಳನ್ನು ಅದಕ್ಕೆ ಹೋಲಿಸಿ ಎಣಿಸುತ್ತಾರೆ. ಈ ಲೆಕ್ಕದಲ್ಲಿ ಬಸ್ಸು ಒಂದಕ್ಕಿಂತ ಹೆಚ್ಚು ಕಾರುಗಳಿಗೆ ಸಮ. ಅದರೊಳಗೆ ಐವತ್ತು ಜನ ಕುಳಿತಿದ್ದರೂ ಕಾರಿನೊಳಗೆ ಒಬ್ಬನೇ ಇದ್ದರೂ ಲೆಕ್ಕ ಬದಲಾಗದು. ನಡೆದು ಹೋಗುವವನಿಗಂತೂ ಅದರಲ್ಲಿ ಸ್ಥಾನವೇ ಇಲ್ಲ. ಎಣಿಕೆಗೆ ಬಾರದವನಿಗೆ ಜಾಗವೂ ದೊರೆಯದಿರುವುದು ಆಶ್ಚರ್ಯವಲ್ಲ.

ಅಳತೆಗೋಲನ್ನು ಬದಲಿಸುವುದು ಅಸಾಧ್ಯವೇನೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಹೊಸ ಕಟ್ಟಡಗಳ ಪರಿಣಾಮವನ್ನು ವಾಹನಗಳಿಗಾಗುವ ವಿಳಂಬದಿಂದ ಅಳೆಯುತ್ತಿದ್ದರು. ಪೇಟೆಯ ನಡುವೆ ಕಟ್ಟುವವನಿಗೆ ಇದು ತೊಡಕಾಯಿತು. ಊರ ಹೊರಗೆ ಕಟ್ಟುವವನಿಗೆ ಸಲೀಸಾಯಿತು. 2013ರ ಕಾಯಿದೆಯೊಂದು ಈ ಕ್ರಮವನ್ನು ಬಿಡಿಸಿ, ಜನರು ವಾಹನಗಳಲ್ಲಿ ಒಟ್ಟು ಎಷ್ಟು ದೂರ ಓಡಾಡಬೇಕಾಗುತ್ತದೆಯೆಂಬ ಅಳತೆಗೆ ದಾರಿಮಾಡಿತು. ಭಾರತದಲ್ಲಿಯೂ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ವಾಹನಗಳ ಚಲನೆಗಿಂತ ಜನರ ಚಲನೆಯೇ ಮುಖ್ಯವೆಂದು ಸಾರಿತು. ಪಾದಚಾರಿ ಮಾರ್ಗದಲ್ಲಿ ಯಾವ ಅಡೆತಡೆಯೂ ಇಲ್ಲದ ಕನಿಷ್ಠ 1.8 ಮೀಟರ್ ಅಗಲವಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ನಿಯಮಕ್ಕೆ ಕೊರತೆಯಿಲ್ಲ, ಅದನ್ನು ನೆಲದ ಮೇಲೆ ಇಳಿಸುವ ಮನಸ್ಸಿಗೆ ಕೊರತೆಯಿದೆ.

ವಾಹನಗಳನ್ನು ತಡೆದರೆ ವ್ಯಾಪಾರ ಕುಸಿಯುವುದೆಂಬ ವರ್ತಕರ ಆತಂಕವನ್ನು ಹಗುರವಾಗಿ ಕಾಣಲಾಗದು. ಅದು ಅವರ ಅನ್ನದ ಪ್ರಶ್ನೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರವು 1962ರಲ್ಲಿ ತನ್ನ ಮುಖ್ಯ ಅಂಗಡಿ ಬೀದಿಯನ್ನು ನಡೆಯುವವರಿಗೆ ಮೀಸಲಿಟ್ಟಾಗ ಅಲ್ಲಿನ ವರ್ತಕರೂ ಹೀಗೆಯೇ ಅಂಜಿದರು. ಆದರೆ ಆ ಬೀದಿ ಮುಂದೆ ನಗರದ ಪ್ರಸಿದ್ಧ ವ್ಯಾಪಾರಸ್ಥಳವಾಗಿ ಬೆಳೆಯಿತು. ಕೊಳ್ಳುವುದು ಕಾರಲ್ಲ, ಅದರಿಂದ ಇಳಿದು ಬರುವ ಮನುಷ್ಯ. ದೆಹಲಿಯ ಚಾಂದನಿ ಚೌಕವನ್ನು 2021ರಲ್ಲಿ ನವೀಕರಿಸಿದಾಗ ಬೆಳಗಿನ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ವಾಹನಗಳನ್ನು ನಿಷೇಧಿಸಲಾಯಿತು. ಸರಕಿನ ಸಾಗಣೆಗೆ ರಾತ್ರಿಯ ಹೊತ್ತು ಉಳಿಯಿತು. ವ್ಯಾಪಾರಕ್ಕೂ ನಡಿಗೆಗೂ ಹೊತ್ತನ್ನು ಹಂಚಿಕೊಡುವ ಜಾಣ್ಮೆ ಇದು.

ನಿಷೇಧವೊಂದರಿಂದಲೇ ಕಾರ್ಯ ಕೈಗೂಡದು. ಪೇಟೆಯ ಅಂಚಿನವರೆಗೆ ಬಸ್ಸು ಬರಬೇಕು. ಕೂಲಿಯವನಿಗೆ ಹೊರೆ ಇಳಿಸಲು ಎಡೆಯಿರಬೇಕು. ಆಂಬುಲೆನ್ಸು ಮತ್ತು ಅಗ್ನಿಶಾಮಕ ವಾಹನಗಳಿಗೆ ದಾರಿ ತೆರೆದಿರಬೇಕು. ನಡೆಯಲಾಗದವರಿಗೆ ವಾಹನದ ಅನುಕೂಲವಿರಬೇಕು. ಚಿಕ್ಕಪೇಟೆಗೆ 2017ರಲ್ಲಿ ಮೆಟ್ರೊ ಬಂದಿತು. ನಿಲ್ದಾಣದಿಂದ ಮೇಲೆ ಬಂದವನು ನಿರ್ಭಯವಾಗಿ ಹೆಜ್ಜೆಯಿಡಲಾರದಿದ್ದರೆ ಅಷ್ಟು ವೆಚ್ಚದ ಸುರಂಗವೂ ಅರ್ಧ ಫಲವನ್ನೇ ನೀಡೀತು.

ಬೀದಿಯು ಎಲ್ಲರ ಸ್ವತ್ತು. ಹಣವುಳ್ಳವನ ವಾಹನಕ್ಕೆ ಎಷ್ಟು ಹಕ್ಕಿದೆಯೋ ಬರಿಗಾಲಿನವನ ಹೆಜ್ಜೆಗೂ ಅಷ್ಟೇ ಹಕ್ಕಿದೆ. ಮಗುವೊಂದು ದೊಡ್ಡವರ ಕೈ ಹಿಡಿಯದೆ ದಾಟಬಲ್ಲ ಬೀದಿ ಎಲ್ಲರಿಗೂ ಕ್ಷೇಮಕರವಾದ ಬೀದಿ. ಪೇಟೆಗಳನ್ನು ಹೊಸದಾಗಿ ಕಟ್ಟುವವರು ಆ ಮಗುವಿನ ಹೆಜ್ಜೆಯನ್ನು ಅಳತೆಗೋಲಾಗಿ ಹಿಡಿಯುವುದು ಲೇಸು.