ವರ್ಷಕ್ಕೊಂದು ಹಾಜರಿ

ನವೆಂಬರ್ ಮೊದಲ ವಾರ. ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್ ನಡೆಯುವಾಗಲೇ ಅಪ್ಪನ ಫೋನ್ ಬಂತು. ಕಟ್ ಮಾಡಿದೆ. ಮತ್ತೆ ಬಂತು. ಎರಡು ಸಲ ಬಂತೆಂದರೆ ಏನೋ ಇದೆ ಅಂದುಕೊಂಡು, ಮೀಟಿಂಗ್ ಮ್ಯೂಟ್ ಮಾಡಿ ಎತ್ತಿದೆ.

"ತಮ್ಮಾ, ನಾ ಇನ್ನಾ ಜೀವಂತ ಅದೀನಿ ಅಂತ ಸರ್ಕಾರಕ್ಕ ತಿಳಿಸೂದೈತಿ. ಯಾವಾಗ ಬರ್ತಿ?"

ನಗು ಬಂತು. ಮನೆಯಲ್ಲಿ ಪಿಂಚಣಿದಾರರು ಇದ್ದವರಿಗೆ ಈ ಮಾತು ಗೊತ್ತೇ ಇರುತ್ತೆ. ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತೆ. ಮೊದಲೆಲ್ಲ ಕಚೇರಿಗೋ ಬ್ಯಾಂಕಿಗೋ ಖುದ್ದು ಹೋಗಿ ನಿಲ್ಲಬೇಕಿತ್ತು. 2014ರ ನವೆಂಬರಿನಲ್ಲಿ ಜೀವನ್ ಪ್ರಮಾಣ್ ಶುರುವಾದ ಮೇಲೆ ಬೆರಳಚ್ಚು ಕೊಟ್ಟರೆ ಸಾಕಾಯಿತು. 2021ರಿಂದ ಫೋನಿನ ಮುಂದೆ ಮುಖ ತೋರಿಸಿದರೂ ನಡೆಯುತ್ತೆ. ಅಪ್ಪನಿಗೆ ಬೆರಳಚ್ಚು ಆಗಿಬರೋದಿಲ್ಲ. ಮಣ್ಣಲ್ಲಿ ಕೆಲಸ ಮಾಡಿ ಮಾಡಿ ಬೆರಳ ಗೆರೆಗಳೇ ಸವೆದು ಹೋಗಿವೆ. ಹಾಗಾಗಿ ನಮ್ಮ ಮನೆಯಲ್ಲಿ ಆ ಕೆಲಸ ನನ್ನ ಫೋನಿನದ್ದು.

ಶುಕ್ರವಾರ ರಾತ್ರಿ ರೈಲು ಹತ್ತಿದೆ. ಕೃಷ್ಣಾ ಸೇತುವೆ ದಾಟುವಾಗ ಬಾಗಿಲ ಹತ್ತಿರ ಬಂದು ನಿಂತೆ. ಆಲಮಟ್ಟಿ ಅಂದರೆ ಬೆಂಗಳೂರಿನ ನನ್ನ ಗೆಳೆಯರಿಗೆ ರಾಕ್ ಗಾರ್ಡನ್, ಸಂಗೀತ ಕಾರಂಜಿ, 26 ಗೇಟುಗಳ ಮುಂದೆ ಒಂದು ಸೆಲ್ಫಿ. ನಮಗೆ ಆ ನೀರಿನ ಕೆಳಗೆ ಒಂದು ಊರಿದೆ. ನಮ್ಮ ಊರು.

ಅಪ್ಪ ಮಾಜಿ ಸೈನಿಕ. 1986ರಲ್ಲಿ ಬೆಳಗಾವಿಯ ಮರಾಠಾ ಲೈಟ್ ಇನ್‌ಫಂಟ್ರಿ ಸೆಂಟರಿನಲ್ಲಿ ಭರ್ತಿಯಾಗಿ, 17 ವರ್ಷ ಮುಗಿಸಿ 2003ರಲ್ಲಿ ಮನೆಗೆ ಬಂದ. ಆಗ ಅವನ ವಯಸ್ಸು 36. ನಮ್ಮ ಆಫೀಸಿನಲ್ಲಿ 36 ಅಂದರೆ ಮ್ಯಾನೇಜರ್ ಆಗುವ ವಯಸ್ಸು, ಸಾಲ ತೆಗೆದು ಫ್ಲ್ಯಾಟ್ ಕೊಳ್ಳುವ ವಯಸ್ಸು. ಅಪ್ಪ ಆ ವಯಸ್ಸಿಗೆ ನಿವೃತ್ತ! ಆಮೇಲೆ ಹದಿನೈದು ವರ್ಷ ಒಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತ. ಈಗ ಎರಡು ಎಕರೆ ಹೊಲ, ಎರಡು ಎಮ್ಮೆ.

ನಿಜ ಹೇಳಬೇಕೆಂದರೆ ಅಪ್ಪ ಕಾಯಂ ಆಗಿ ಮನೆಗೆ ಬಂದಾಗ ನನಗೆ ಖುಷಿ ಆಗಿರಲಿಲ್ಲ. ಎಂಟು ವರ್ಷದ ಹುಡುಗ ನಾನು. ಅಲ್ಲಿಯತನಕ ಅಪ್ಪ ಅಂದರೆ ವರ್ಷಕ್ಕೊಮ್ಮೆ ಟ್ರಂಕು, ಗೋಡಂಬಿ ಪ್ಯಾಕೆಟ್ ತರುವ ಅತಿಥಿ. ಉಳಿದ ದಿನ ಅವನು ಬರೀ ಒಂದು ವಿಳಾಸ, 56 ಎಪಿಓ. ಅಂಥವನು ದಿಢೀರನೆ ಮನೆಯಲ್ಲೇ ಇದ್ದುಬಿಟ್ಟ. ಬೆಳಗ್ಗೆ ಐದಕ್ಕೆ ಎಬ್ಬಿಸೋದು, ಹಾಸಿಗೆಯನ್ನು ಮೂಲೆಗೆ ಮೂಲೆ ಸೇರಿಸಿ ಮಡಚು ಅನ್ನೋದು, ಸಿಟ್ಟು ಬಂದರೆ ಹಿಂದಿಯಲ್ಲಿ ಬೈಯೋದು. "ಇವ ಯಾವಾಗ ವಾಪಸ್ ಹೊಕ್ಕಾನವ್ವ?" ಅಂತ ಅವ್ವನ ಸೆರಗು ಹಿಡಿದು ಕೇಳಿದ್ದೆನಂತೆ. ಅವ್ವ ಇವತ್ತಿಗೂ ಅದನ್ನು ಹೇಳಿ ನಗ್ತಾಳೆ. ಅಪ್ಪ ನಗೋದಿಲ್ಲ.

ಶನಿವಾರ ಬೆಳಗ್ಗೆ ಪಡಸಾಲೆಯಲ್ಲಿ ಅಪ್ಪನನ್ನು ಕೂರಿಸಿ ಫೋನ್ ಹಿಡಿದೆ. ಆ್ಯಪ್ ಒಂದೊಂದೇ ಪ್ರಶ್ನೆ ಕೇಳುತ್ತೆ. ಮರುಮದುವೆ ಆಗಿದೆಯೇ? ಹೌದು, ಇಲ್ಲ.

ಓದಿ ಹೇಳಿದೆ. "ನಿಮ್ಮವ್ವನ್ನ ಕೇಳಿ ಬರೀ" ಅಂದ ಅಪ್ಪ. ಒಳಗಿನಿಂದ ಅವ್ವ, "ಹೌದಂತ ಒತ್ತು, ಎಮ್ಮಿ ಕಾಯಾಕ ಒಬ್ಬಾಕಿ ಬೇಕಾಗ್ಯಾಳ" ಅಂದಳು.

ಕ್ಯಾಮೆರಾ ಮುಂದೆ ಅಪ್ಪ ಕಣ್ಣೇ ಮಿಟುಕಿಸಲಿಲ್ಲ. ಸಾವಧಾನ್‌ನಲ್ಲಿ ನಿಂತವರ ಹಾಗೆ ನೆಟ್ಟಗೆ ಕೂತಿದ್ದ. "ಅಪ್ಪಾ, ಕಣ್ಣು ಪಿಳುಕಿಸ್ಬೇಕು, ಇಲ್ಲಾಂದ್ರ ಫೋಟೋ ಅಂತ ತಿಳೀತೈತಿ ಅದು" ಅಂದೆ. ಪಿಳುಕಿಸಿದ. ಕೆಲಸ ಆಯಿತು.

"ಹಾಜರ್ ಸಾಬ್" ಅಂದ ಅಪ್ಪ ತನ್ನಷ್ಟಕ್ಕೆ. "ಹದಿನೇಳು ವರ್ಷ ದಿನಾ ರೋಲ್ ಕಾಲ್. ಈಗ ವರ್ಷಕ್ಕೊಂದು."

ನಾನು ಫೋನ್ ಕಿಸೆಗೆ ಹಾಕುವಷ್ಟರಲ್ಲಿ ಕೇಳಿದ: "ಇದರಾಗ ಬ್ಯಾರೇದವರ್ದೂ ಮಾಡಾಕ ಬರ್ತೈತೇನು? ಸಿಂದಗಿ ಕಡಿ ಹೋಗೂದೈತಿ."

ಆಗ ನೆನಪಾಯಿತು. ಪ್ರತಿ ನವೆಂಬರಿನಲ್ಲೂ ಅಪ್ಪ ಒಂದು ದಿನ ಕಾಣೆಯಾಗ್ತಾನೆ. ಬೆಳಗ್ಗೆ ಬಸ್ಸು ಹತ್ತಿ ಹೋದರೆ ಬರೋದು ರಾತ್ರಿಗೆ. "ಗೆಳ್ಯಾನ ಊರಿಗೆ" ಅನ್ನೋದು ಬಿಟ್ಟರೆ ಹೆಚ್ಚು ಮಾತಿಲ್ಲ. ನಾನೂ ಕೇಳಿದವನಲ್ಲ. ನಮ್ಮ ತಲೆಮಾರಿನವರು ಅಪ್ಪಂದಿರಿಗೆ ಫೋನ್ ಕೊಡಿಸ್ತೀವಿ, ಪ್ರಶ್ನೆ ಕೇಳೋದು ಕಡಿಮೆ.

ಬೈಕ್ ತೆಗೆದೆ. ನಿಡಗುಂದಿ ದಾಟಿ, ಬಸವನ ಬಾಗೇವಾಡಿ ಮೇಲೆ ಹಾಯ್ದು, ದೇವರ ಹಿಪ್ಪರಗಿ ದಾರಿ. ಎರಡೂ ಕಡೆ ತೊಗರಿ, ಆಗಷ್ಟೇ ಮೇಲೆದ್ದ ಬಿಳಿಜೋಳ. ಬಾಗೇವಾಡಿಯಲ್ಲಿ ಚಹಾಕ್ಕೆ ನಿಂತಾಗ ಅಪ್ಪ ತಾನಾಗಿಯೇ ಮಾತು ತೆಗೆದ.

2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ಆಯಿತಲ್ಲ, ಅದಾದ ಮೇಲೆ ಸೈನ್ಯವನ್ನು ಪಶ್ಚಿಮದ ಗಡಿಯುದ್ದಕ್ಕೂ ತಂದು ನಿಲ್ಲಿಸಿದರು. ಆಪರೇಷನ್ ಪರಾಕ್ರಮ್. ಅಪ್ಪನ ಪಲ್ಟನ್ ರಾಜಸ್ಥಾನದ ಮರಳಿನಲ್ಲಿತ್ತು. ಇವತ್ತು ಯುದ್ಧ, ನಾಳೆ ಯುದ್ಧ ಅಂತ ಹತ್ತು ತಿಂಗಳು ಕಾದರು. ಯುದ್ಧ ಆಗಲಿಲ್ಲ. 2002ರ ಅಕ್ಟೋಬರಿನಲ್ಲಿ ವಾಪಸ್ ಬನ್ನಿ ಅಂತ ಆದೇಶ ಬಂತು.

"ಯುದ್ಧ ಆಗ್ಲಿಲ್ಲ ಅಂದ್ರ ಯಾರೂ ಸಾಯ್ಲಿಲ್ಲ ಅಂತ ತಿಳ್ಕೋತಾರ ಮಂದಿ" ಅಂದ ಅಪ್ಪ. "ನೆಲದಾಗ ಮೈನ್ ಹೂಳಿದ್ವಿ. ಹೂಳುವಾಗ ಸತ್ರು. ಆಮ್ಯಾಲ ಅವನ್ನೆಲ್ಲ ತೆಗೀಬೇಕಲಾ? ತೆಗೆಯೂವಾಗೂ ಸತ್ರು. ಉಸುಕು ಒಂದ ಕಡಿ ನಿಲ್ಲೂದಿಲ್ಲ ತಮ್ಮಾ. ನಾವು ಇಟ್ಟಿದ್ದು ಒಂದ ಕಡಿ, ಅದು ಇರೂದು ಮತ್ತೊಂದ ಕಡಿ."

ಆ ಹತ್ತು ತಿಂಗಳಲ್ಲಿ ಹೀಗೆ ನೆಲಬಾಂಬಿಗೆ, ಅಪಘಾತಕ್ಕೆ ನೂರಾರು ಸೈನಿಕರು ಜೀವ ತೆತ್ತರು. ಕಾರ್ಗಿಲ್‌ಗೆ ಜುಲೈ 26 ಇದೆ. ಶಾಲೆಯಲ್ಲಿ ಭಾಷಣ, ಸ್ಟೇಟಸ್‌ನಲ್ಲಿ ತ್ರಿವರ್ಣ. ಪರಾಕ್ರಮ್‌ಗೆ ಕ್ಯಾಲೆಂಡರಿನಲ್ಲಿ ದಿನವಿಲ್ಲ. ಗೆಲ್ಲಲಿಲ್ಲ, ಸೋಲಲಿಲ್ಲ, ಯಾವ ದಿನ ಅಂತ ಆಚರಿಸೋದು?

ಅದೇ ಹೊತ್ತಿಗೆ ಇಲ್ಲಿ ನಮ್ಮೂರು ಖಾಲಿಯಾಗುತ್ತಿತ್ತು. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆಲಮಟ್ಟಿಯನ್ನು 519.6 ಮೀಟರ್‌ತನಕ ಎತ್ತರಿಸಬಹುದು ಅಂದ ಮೇಲೆ ಕೆಲಸಕ್ಕೆ ವೇಗ ಬಂದಿತ್ತು. ಆ ಮಟ್ಟಕ್ಕೆ ಮುಳುಗುವ ಹಳ್ಳಿಗಳು ನೂರಕ್ಕೂ ಹೆಚ್ಚು. ಅದರಲ್ಲಿ ನಮ್ಮದೂ ಒಂದು. ಮುತ್ಯಾ ಮನೆಯ ತೊಲೆ, ಜಂತಿ, ಬಾಗಿಲ ಚೌಕಟ್ಟು ಎಲ್ಲ ಬಿಚ್ಚಿಸಿ ಟ್ರ್ಯಾಕ್ಟರಿಗೆ ಹೇರಿದ್ದು ನನಗೆ ನೆನಪಿದೆ. ನಾನು ಆ ಬಾಗಿಲ ಮೇಲೆ ಕೂತೇ ಪುನರ್ವಸತಿ ಕೇಂದ್ರಕ್ಕೆ ಬಂದಿದ್ದೆ. ಜಾತ್ರೆಗೆ ಹೊರಟಷ್ಟು ಖುಷಿ ನನಗೆ. ಮುತ್ಯಾ ಒಂದು ಮಾತೂ ಆಡಿರಲಿಲ್ಲ.

ಈ ಅಣೆಕಟ್ಟಿಗೆ 1964ರ ಮೇ 22ರಂದು ಅಡಿಗಲ್ಲು ಇಟ್ಟವರು ಲಾಲ್ ಬಹಾದ್ದೂರ್ ಶಾಸ್ತ್ರಿಯವರು. ಮುಂದಿನ ತಿಂಗಳೇ ಅವರು ಪ್ರಧಾನಿಯಾದರು. ಮರುವರ್ಷ ಯುದ್ಧದ ಹೊತ್ತಿಗೆ 'ಜೈ ಜವಾನ್ ಜೈ ಕಿಸಾನ್' ಅಂದರು. ಜಲಾಶಯಕ್ಕೆ ಅವರದ್ದೇ ಹೆಸರು. ಅಪ್ಪ ಒಮ್ಮೊಮ್ಮೆ ಹೇಳ್ತಿರ್ತಾನೆ: "ಜವಾನನೂ ನಾನ, ಕಿಸಾನನೂ ನಾನ. ಎರಡೂ ಜೈ ಒಂದ ಮನ್ಯಾಗ ಬಿದ್ವು ನೋಡು." ಕೊಂಕಲ್ಲ ಅದು. ಈ ನೀರಿನಿಂದ ಎಷ್ಟು ಹೊಲ ಹಸಿರಾಗಿವೆ ಅನ್ನೋದು ಅವನಿಗೂ ಗೊತ್ತು. ಆದರೂ ಯಾರದೋ ಹೊಲ ಹಸಿರಾಗೋಕೆ ಯಾರದೋ ಮನೆಯ ಹೊಸ್ತಿಲು ಕೀಳಬೇಕಾಯಿತಲ್ಲ, ಆ ಲೆಕ್ಕ ಅವನೊಳಗೆ ಇನ್ನೂ ಚುಕ್ತಾ ಆಗಿಲ್ಲ.

"ಅಕ್ಟೋಬರಿನಾಗ ರಜಾ ತೆರೀತು" ಅಂದ ಅಪ್ಪ. "ನಮ್ಮ ಸೆಕ್ಷನ್ನಿನಾಗ ಮೊದಲ ಒಬ್ಬಂಗ ಅಷ್ಟ. ಸರದಿ ಅವಂದಿತ್ತು. ನಮ್ಮ ಮನಿ ಬಿಚ್ಚಾಕತ್ತಾರ ಅಂತ ನಿಮ್ಮವ್ವನ ಪತ್ರ ಬಂದಿತ್ತು. ನಾ ಏನೂ ಕೇಳಿದ್ದಿಲ್ಲ. ಅವನ ಹೋಗಿ ಸಾಹೇಬರ ಮುಂದ ಹೇಳಿ ಬಂದ, ಇವ್ನ್ನ ಮೊದಲ ಕಳಸ್ರಿ ಅಂತ."

ಚಹಾದ ಗ್ಲಾಸು ಕೆಳಗಿಟ್ಟ. "ನಾ ಇಲ್ಲಿ ಬಂದು ಗ್ವಾಡಿ ಕಟ್ಟಾಕತ್ತಿದ್ದೆ. ಒಂಬತ್ತನೇ ದಿನ ಸುದ್ದಿ ಬಂತು."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಚಹಾದ ದುಡ್ಡು ಕೊಡಲು ಎದ್ದೆ. ಅಪ್ಪ ಆಗಲೇ ಕೊಟ್ಟಾಗಿತ್ತು.

ಆ ಊರಲ್ಲಿ ಅವರ ಮನೆ ಅಗಸಿಯ ಹತ್ತಿರ. ಅಪ್ಪ ಅವರಿಗೆ "ವೈನಿ" ಅಂತಾನೆ. ಐವತ್ತು ದಾಟಿದ ಹೆಂಗಸು. ನನ್ನನ್ನು ನೋಡಿ, "ಇವನ ಏನ್ರಿ ಬಾಗಲದ ಮ್ಯಾಲೆ ಕುಂತು ಬಂದ ಹುಡುಗ?" ಅಂದರು. ಅವರಿಗೆ ನಮ್ಮನೆಯ ಎಲ್ಲ ಕಥೆಯೂ ಗೊತ್ತಿತ್ತು. ನನಗೆ ಅವರ ಊರಿನ ಹೆಸರು ಕೂಡ ಸರಿಯಾಗಿ ಗೊತ್ತಿರಲಿಲ್ಲ.

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣಗಾಯಿ. ಊಟ ಆದ ಮೇಲೆ ಅಪ್ಪ ಚೀಲದಿಂದ ಕಾಗದ ತೆಗೆದು ಒಂದೊಂದಾಗಿ ಜೋಡಿಸಿಕೊಟ್ಟ. ಎಷ್ಟು ವರ್ಷದ ರೂಢಿ ಅಂತ ಆ ಜೋಡಿಸುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಸೈನಿಕ ಸತ್ತರೆ ಹೆಂಡತಿಗೆ ಬರುವ ಪಿಂಚಣಿ, ಸಾವು ಹೇಗಾಯಿತು ಅನ್ನೋದರ ಮೇಲೆ ನಿಲ್ಲುತ್ತೆ. ಸೇವೆಗೆ ಸಂಬಂಧವಿಲ್ಲದ ಸಾವಿಗೆ ಸಂಬಳದ ಶೇ. 30, ಸೇವೆಯ ಕಾರಣದಿಂದಾದರೆ ಶೇ. 60, ಯುದ್ಧ ಅಥವಾ ಕಾರ್ಯಾಚರಣೆಯಲ್ಲಾದರೆ ಕೊನೆಯ ಸಂಬಳದಷ್ಟೂ. ಯಾವ ಕಾಗದದಲ್ಲಿ ಯಾವ ಪದ ಬಿತ್ತು ಅನ್ನೋದು ಒಂದು ಮನೆಯ ಜೀವನಪೂರ್ತಿ ಹೊತ್ತಿನ ಊಟ. ಆ ಪದ ಸರಿಯಾಗಿ ಬೀಳಲಿ ಅಂತಲೇ ಅಪ್ಪ ರಿಟೈರ್ ಆದ ಮೊದಲ ಎರಡು ವರ್ಷ ಇವರ ಕಾಗದ ಹಿಡಿದು ಓಡಾಡಿದ್ದನಂತೆ. ನಮಗೆ ಗೊತ್ತಿದ್ದದ್ದು ಇಷ್ಟೇ: ಅಪ್ಪ ಮನೆಯಲ್ಲಿ ನಿಲ್ಲೋದೇ ಇಲ್ಲ.

ಫೋನ್ ತೆಗೆದು ಶುರು ಮಾಡಿದೆ. ಹೆಸರು, ನಂಬರು. ಆಮೇಲೆ ಅದೇ ಪ್ರಶ್ನೆ. ಮರುಮದುವೆ ಆಗಿದೆಯೇ?

ನಮ್ಮನೆಯಲ್ಲಿ ಬೆಳಗ್ಗೆ ನಕ್ಕಿದ್ದು ಇದೇ ಸಾಲಿಗೆ. ಇಲ್ಲಿ ನಾಲಿಗೆ ಏಳಲಿಲ್ಲ. ಅವರನ್ನು ಕೇಳದೆಯೇ 'ಇಲ್ಲ' ಒತ್ತಿಬಿಡೋಣ ಅಂದುಕೊಂಡೆ. ಅವರೇ ಕೇಳಿದರು, "ಅದನ್ನ ಕೇಳ್ತದೇನಪಾ? ಒತ್ತು, ಒತ್ತು. ಇಪ್ಪತ್ತ ವರ್ಷದ ಮ್ಯಾಲ ಆತು, ಕೇಳಾಕತ್ತಾರ. ಇನ್ನೂ ಅವರಿಗೆ ಡೌಟ್ ಐತಿ."

ನಾವು ಬರೆಯುವ ಫಾರ್ಮುಗಳಲ್ಲಿ ಹೌದು, ಇಲ್ಲ ಅನ್ನುವ ಎರಡು ಬಟನ್ ಇಡೋದು ಒಂದು ಸಾಲಿನ ಕೆಲಸ. ಅದರ ಮುಂದೆ ಕೂರುವವರ ಮುಖ ನೋಡಿದ್ದು ನಾನು ಅವತ್ತೇ ಮೊದಲು.

ಅವರು ಕಣ್ಣು ಪಿಳುಕಿಸಿದರು. ಕೆಲಸ ಆಯಿತು. ಅಪ್ಪ ಹಿತ್ತಲಲ್ಲಿ ಕೈ ತೊಳೆಯಲು ಹೋದಾಗ ಅವರು ಮೆಲ್ಲಗೆ ಹೇಳಿದರು:

"ನಿಮ್ಮಪ್ಪ ತನ್ನಿಂದ ಆತು ಅಂತ ತಿಳ್ಕೊಂಡಾನ. ನಮ್ಮವರು ಕಡೀ ಪತ್ರದಾಗ ಬರದಿದ್ರಪಾ. ಅವನ ಊರು ನೀರಾಗ ಹೊಂಟೈತಿ, ನಮ್ಮ ಊರು ಎಲ್ಲಿ ಹೊಕ್ಕೈತಿ, ನಾ ಸಾವಕಾಶ ಬರ್ತೀನಿ ಅಂತ. ಆ ಪತ್ರ ನಿಮ್ಮಪ್ಪಗ ತೋರ್ಸೀನಿ. ಎರಡು ಸಲ ತೋರ್ಸೀನಿ. ಆದ್ರೂ ಬರ್ತಾನ. ಬರ್ಲಿ ಬಿಡು. ಅವರ ಹೆಸರು ಹಿಡದು ಮಾತಾಡಾಕ ನನಗೂ ಇನ್ಯಾರದಾರ?"

ದಿಲ್ಲಿಯಲ್ಲಿ 2019ರ ಫೆಬ್ರವರಿ 25ರಂದು ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾಯಿತು. ಅಲ್ಲಿನ ತ್ಯಾಗ ಚಕ್ರದ ಗ್ರಾನೈಟ್ ಗೋಡೆಗಳ ಮೇಲೆ 25 ಸಾವಿರಕ್ಕೂ ಹೆಚ್ಚು ಹೆಸರು ಕೆತ್ತಿದ್ದಾರೆ. ಆಫೀಸಿನ ಕೆಲಸಕ್ಕೆ ಎರಡು ಸಲ ದಿಲ್ಲಿಗೆ ಹೋದವನು, ಇಂಡಿಯಾ ಗೇಟ್ ಮುಂದೆ ಫೋಟೋ ತೆಗೆಸಿಕೊಂಡು ಬಂದಿದ್ದೇನೆ, ಪಕ್ಕದಲ್ಲೇ ಇರುವ ಆ ಗೋಡೆ ನೋಡಿಲ್ಲ. ಮುಂದಿನ ಸಲ ಹೋಗಬೇಕು. ಅಪ್ಪನನ್ನೂ, ವೈನಿಯನ್ನೂ ಕರೆದುಕೊಂಡು ಹೋಗಬೇಕು ಅಂತಿದೆ. ಕಲ್ಲಿನ ಮೇಲಿನ ಹೆಸರು ಮುಖ್ಯವೇ. ಆದರೆ ಆ ಕಲ್ಲಿಗೂ ಸಿಂದಗಿ ಕಡೆಯ ಈ ಪಡಸಾಲೆಗೂ ನಡುವೆ ವರ್ಷಕ್ಕೊಮ್ಮೆ ಬಸ್ಸು ಹತ್ತಿ ಓಡಾಡುವವನು ಒಬ್ಬ ಬೇಕಲ್ಲ?

ವಾಪಸ್ ಬರುವಾಗ ಕತ್ತಲಾಗಿತ್ತು. ನಿಡಗುಂದಿ ಹತ್ತಿರ ಬರುತ್ತಿದ್ದ ಹಾಗೆ ಹಿಂದಿನಿಂದ ಅಪ್ಪ ಭುಜ ತಟ್ಟಿದ.

"ನಾನು ಇಲ್ದಾಗೂ ಆಕಿದು ಮಾಡಿಕೊಡು ತಮ್ಮಾ. ಫೋನ್ ನಿಂದ ಐತಲಾ."

"ಹೂಂ ಅಪ್ಪಾ" ಅಂದೆ. ಮತ್ತೇನೂ ಮಾತಾಡಲಿಲ್ಲ. ಹದಿನೇಳು ವರ್ಷ ಅವನು ಮನೆಯಲ್ಲಿ ಇರಲಿಲ್ಲ ಅಂತ ನನಗೊಂದು ಸಣ್ಣ ದೂರು ಇತ್ತು. ಮನೆಗೆ ಬಂದ ಮೇಲೂ ಅವನು ಪೂರ್ತಿ ಬಂದಿರಲಿಲ್ಲ ಅಂತ ಈಗ ತಿಳೀತು. ಒಂದು ಪಾಲು ಆ ಮರಳಿನಲ್ಲಿದೆ, ಒಂದು ಪಾಲು ಕೃಷ್ಣೆಯ ನೀರಿನಡಿ. ಉಳಿದದ್ದರಲ್ಲಿ ನನ್ನನ್ನು ಇಂಜಿನಿಯರಿಂಗ್ ಓದಿಸಿದ.

ರಾತ್ರಿ ಮಲಗುವ ಮುಂಚೆ ಫೋನಿನ ಕ್ಯಾಲೆಂಡರ್ ತೆರೆದೆ. ನವೆಂಬರಿನ ಮೊದಲ ಶನಿವಾರ, ಸಿಂದಗಿ ಕಡೆ. ರಿಪೀಟ್: ಪ್ರತಿ ವರ್ಷ. ಎಲ್ಲಿಯತನಕ ಅಂತ ಕೇಳಿತು. ಕೊನೆ ಇಲ್ಲ ಅಂತ ಒತ್ತಿದೆ.

ನಿಮ್ಮನೆಯಲ್ಲೂ ವರ್ಷಕ್ಕೊಂದು ದಿನ ಕಾಣೆಯಾಗುವ ಅಪ್ಪನೋ, ಕಾಕಾನೋ, ಮುತ್ಯಾನೋ ಇರಬಹುದು. ಈ ಸಲ ಎಲ್ಲಿಗೆ ಅಂತ ಕೇಳಿ. ಆದರೆ ಬೈಕ್ ತೆಗೆದು ಜೊತೆಗೆ ಹೋಗಿ.